ಮಾಲೀಕರ ಹೆಂಡತಿ

“ನಾವೂ ಬರ್ತೀವಿ!” ಎಂದು ಅಜ್ಜಿ ಲಾಂಡ್ರಿಯ ಕೌಂಟರಿನ ಮೇಲೆ ಅಂಗೈ ಬಡಿದಾಗ ಚೂಟಿಯ ಎದೆ ಧಸಕ್ಕೆಂದಿತು.

ಕೌಂಟರಿನ ಮೇಲೆ ಮೂರು ಕಾಗದಗಳು ಬಿದ್ದಿದ್ದವು. ಮೂರು ವಿಶ್ವವಿದ್ಯಾಲಯದವರು ಈ ಮನೆಯ ಒಬ್ಬಳೇ ಮಗಳಾದ ಚೂಟಿಗೆ ವ್ಯವಹಾರ ಪದವಿಗೆ ಸೀಟು ಕೊಡುತ್ತೇವೆಂದು ಬರೆದಿದ್ದರು. ಒಂದು ಇದೇ ಊರಿನದು. ಬಸ್ ನಿಲ್ದಾಣದ ಹಿಂದೆ, ಮೊದಲು ಗೋದಾಮಾಗಿದ್ದ ಕಟ್ಟಡದಲ್ಲಿ ಸಂಜೆ ತರಗತಿ ನಡೆಸುವಂಥದ್ದು. ಹಗಲೆಲ್ಲ ದುಡಿದು ಬಂದವರು ಅಲ್ಲಿ ಕೂತು ಆಕಳಿಸುತ್ತಾ ಓದುತ್ತಾರೆಂದು ಹೆಸರು. ಇನ್ನೊಂದು ಬಂದರು ಪಟ್ಟಣದ್ದು. ಮೂರನೇ ವರ್ಷ ಪೂರ್ತಿ ಯಾವುದಾದರೂ ಕಂಪನಿಯಲ್ಲಿ ಕೂರಿಸಿ ಕೆಲಸ ಕಲಿಸುತ್ತಾರೆ, ಹಾಸ್ಟೆಲ್ಲೂ ಇದೆ, ಆದರೆ ಶುಲ್ಕ ಮನೆಯವರೇ ಕಟ್ಟಬೇಕು. ಮೂರನೆಯದು ದೊಡ್ಡ ನಗರದ್ದು. ಅದರ ಹೆಸರು ಕೇಳಿದರೆ ಬೀದಿಯ ಔಷಧಿ ಅಂಗಡಿಯವರೂ ಕನ್ನಡಕ ತೆಗೆದು “ಹೌದಾ!” ಅನ್ನುತ್ತಿದ್ದರು. ಅಲ್ಲಿ ಪೂರ್ತಿ ವಿದ್ಯಾರ್ಥಿವೇತನ. ಊಟ, ವಸತಿ, ಪುಸ್ತಕ ಎಲ್ಲ ಅವರದೇ. ಮೂರರಲ್ಲಿ ಒಂದಕ್ಕೆ ಶುಕ್ರವಾರದೊಳಗೆ ಒಪ್ಪಿಗೆ ಬರೆಯಬೇಕಿತ್ತು. ಅದಕ್ಕೂ ಮೊದಲು, ಸೋಮವಾರ, ದೊಡ್ಡ ನಗರದವರು ಆಯ್ಕೆಯಾದ ಮಕ್ಕಳನ್ನೂ ಮನೆಯವರನ್ನೂ ಸ್ವಾಗತ ಸಮಾರಂಭಕ್ಕೆ ಕರೆದಿದ್ದರು.

ಅಜ್ಜಿಗೆ ಓದಲು ಬಾರದು. ಆದರೆ ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿದರೆ ಉಣ್ಣೆಯೋ ನೂಲೋ ಬೆರಕೆಯೋ ಅಂತ ಕಣ್ಣು ಮುಚ್ಚಿ ಹೇಳಬಲ್ಲ ಹೆಂಗಸು. ಮೂರು ಕಾಗದಗಳನ್ನೂ ಹಾಗೆಯೇ ಉಜ್ಜಿ ನೋಡಿ, “ಈ ದಪ್ಪ ಕಾಗದದ್ದೇ ಸರಿ. ಇದು ಮನೆತನಸ್ಥರ ಕಾಲೇಜು. ಉಳಿದ ಎರಡೂ ಒಂದೇ ಒಗೆತಕ್ಕೆ ಕುಗ್ಗಿ ಹೋಗ್ತವೆ,” ಎಂದು ತೀರ್ಪು ಕೊಟ್ಟಳು.

“ನೀವೆಲ್ಲ ಯಾಕಜ್ಜಿ? ಮೂರು ಗಂಟೆ ರೈಲು, ನಿನ್ನ ಮಂಡಿ ನೋವು ಬೇರೆ. ನಾನೊಬ್ಬಳೇ ಹೋಗಿ ಸಂಜೆಗೆ ಬಂದ್ಬಿಡ್ತೀನಿ.”

“ಮಂಡಿ ನನ್ನದು, ನೋವೂ ನನ್ನದು. ನಿನಗೇನು ಕಷ್ಟ? ನಿಮ್ಮಜ್ಜ ಸತ್ತ ದಿನ ಬಿಟ್ಟರೆ ಈ ಅಂಗಡಿ ಬಾಗಿಲು ಹಾಕಿದ್ದಿಲ್ಲ. ಸೋಮವಾರ ಹಾಕ್ತೀವಿ. ಏನೋ, ಹಾಕ್ತೀಯೋ ಇಲ್ವೋ?”

ಉಗಿ ಯಂತ್ರದ ಹಿಂದಿನಿಂದ ಅಪ್ಪ, “ಹಾಕೋಣಮ್ಮ,” ಎಂದ. ತಾಯಿಯ ಮಾತಿಗೆ ಅವನು ಎಂದೂ ಬೇರೆ ಉತ್ತರ ಕೊಟ್ಟವನಲ್ಲ. ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲ ತನಕ ಬಂದಳು. ಒಗೆಯುವ ಸೋಡಾದಲ್ಲಿ ಅದ್ದಿ ಅದ್ದಿ ಅವಳ ಬೆರಳುಗಳು ಬಿರಿದಿದ್ದವು.

“ಅತ್ತೆ... ನಾನೂ ಬರಬಹುದಾ?”

“ಬಾ ತಾಯಿ, ಬಾ. ಅಲ್ಲಿ ಮಾತ್ರ ಏನನ್ನೂ ಮುಟ್ಟಬೇಡ, ಅವರ ಗಾಜಿನ ಕಟ್ಟಡ ಸುಟ್ಟು ಹೋದೀತು!”

ಪ್ಯಾಂಟು ತಗೊಳ್ಳಲು ಬಂದಿದ್ದ ಗಿರಾಕಿ ಹಲ್ಲು ಕಿರಿದ. ಅಮ್ಮನೂ ನಕ್ಕಳು. ಮೂರು ವರ್ಷದಿಂದ ಕೇಳಿ ಕೇಳಿ ಸವೆದುಹೋದ ಚುಚ್ಚುಮಾತು ಅದು. ನಗದೆ ನಿಂತವಳು ಚೂಟಿ ಒಬ್ಬಳೇ. ಆ ದಪ್ಪ ಕಾಗದಕ್ಕೆ ಎರಡನೇ ಹಾಳೆಯೊಂದಿತ್ತು. ಅದನ್ನು ಅವಳು ಯಾರಿಗೂ ತೋರಿಸದೆ ಮಡಿಚಿ ಜೇಬಿಗೆ ಹಾಕಿಕೊಂಡಿದ್ದಳು. “ಈ ವರ್ಷದ ಅತ್ಯುತ್ತಮ ಪ್ರವೇಶ ಪ್ರಬಂಧವೆಂದು ನಿಮ್ಮದನ್ನು ಆರಿಸಲಾಗಿದೆ. ಸಮಾರಂಭದಲ್ಲಿ ಅದರ ಭಾಗಗಳನ್ನು ಓದಲಾಗುವುದು...”

ಇಂಥ ಹಾಳೆಯನ್ನು ಮಗಳೊಬ್ಬಳು ಮನೆಯವರಿಂದ ಯಾಕೆ ಮುಚ್ಚಿಡುತ್ತಾಳೆ? ಹೇಳುತ್ತೇನೆ. ಹೇಳುವುದಕ್ಕೂ ನಾಚಿಕೆಯಾಗುವ ಸಂಗತಿ ಅದು.

ಚೂಟಿಗೆ ಆಗ ಹದಿನೈದು. ಊರಿನ ದೊಡ್ಡ ಹೋಟೆಲಿನ ಹಾಸು, ಪರದೆ, ಸಮವಸ್ತ್ರ ಎಲ್ಲವೂ ಇವರ ಲಾಂಡ್ರಿಗೇ ಬರುತ್ತಿದ್ದ ಕಾಲ. ಹೋಟೆಲಿನಲ್ಲಿ ಇಳಿದಿದ್ದ ದೊಡ್ಡ ಮನುಷ್ಯನೊಬ್ಬನ ಕಪ್ಪು ಉಣ್ಣೆಯ ಕೋಟು ಬಂತು. ಅದೇ ಸಂಜೆ ಅವನ ಮಗಳ ಮದುವೆ. ಅಪ್ಪ ಗಾಡಿ ತೆಗೆದುಕೊಂಡು ಹೋಗಿದ್ದ, ಅಜ್ಜಿ ಊಟಕ್ಕೆ ಮೇಲೆ ಹೋಗಿದ್ದಳು, ಅಮ್ಮ ಹಿತ್ತಲಲ್ಲಿ ಹಾಸುಗಳನ್ನು ಹರವುತ್ತಿದ್ದಳು. ‘ನಾನೇ ಮಾಡ್ತೀನಿ’ ಎಂದು ಚೂಟಿ ಇಸ್ತ್ರಿ ಹಿಡಿದಳು. ಉಣ್ಣೆಗೆ ಮೇಲೊಂದು ಒದ್ದೆ ಬಟ್ಟೆ ಹಾಸಬೇಕು, ಶಾಖ ಇಳಿಸಬೇಕು. ಈ ಮನೆಯ ಮಗುವಿಗೆ ಅದು ಗೊತ್ತಿಲ್ಲವೇ? ಗೊತ್ತಿತ್ತು! ಆದರೆ ಗೆಳತಿಯ ಫೋನು ಬಂತು. ನಗುತ್ತಾ ಕಿಟಕಿಯ ಕಡೆ ತಿರುಗಿದವಳು ಮತ್ತೆ ಈ ಕಡೆ ತಿರುಗಿದ್ದು ವಾಸನೆ ಬಂದ ಮೇಲೆಯೇ. ಕೋಟಿನ ಬೆನ್ನಿನಲ್ಲಿ ಇಸ್ತ್ರಿಯ ಆಕಾರದ ತೂತು.

ಓಡಿ ಬಂದ ಅಮ್ಮ ಕೋಟನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು. ಮೆಟ್ಟಿಲ ಮೇಲೆ ಅಜ್ಜಿಯ ಹೆಜ್ಜೆ ಕೇಳಿಸಿತು. “ಹೋಗು, ಮುಖ ತೊಳ್ಕೋ,” ಎಂದು ಮಗಳ ಕೈಯಿಂದ ಇಸ್ತ್ರಿ ಕಿತ್ತುಕೊಂಡಳು. ಅಷ್ಟೇ. ಅಜ್ಜಿ ಒಳಗೆ ಬಂದಾಗ ಇಸ್ತ್ರಿ ಸೊಸೆಯ ಕೈಯಲ್ಲಿತ್ತು.

ಹೋಟೆಲಿನ ಕೆಲಸ ಮರುದಿನವೇ ಹೋಯಿತು. ಅಜ್ಜ ಕಟ್ಟಿದ ಅಂಗಡಿಗೆ ಅಜ್ಜನೇ ಹಾಕಿದ ಕಾನೂನೊಂದಿತ್ತು: ಬಟ್ಟೆ ಸುಟ್ಟ ಕೈಗೆ ಇಸ್ತ್ರಿ ಇಲ್ಲ. ಬೀದಿಯಲ್ಲೇ ಅತಿ ಚೆಂದದ ಇಸ್ತ್ರಿ ಎಂದು ಗಿರಾಕಿಗಳು ಕೇಳಿ ಮಾಡಿಸಿಕೊಳ್ಳುತ್ತಿದ್ದ ಅಮ್ಮನ ಕೈ ಅಂದಿನಿಂದ ಹಿಂದಿನ ಕೋಣೆಯ ಸೋಡಾ ನೀರಿಗೆ ಬಿತ್ತು. ಅಜ್ಜಿಯ ನಾಲಿಗೆಗೆ ಎಲುಬಿಲ್ಲ. ಕ್ಷೌರದಂಗಡಿ, ದರ್ಜಿ ಅಂಗಡಿ, ಬೇಕರಿ, ಎಲ್ಲೆಲ್ಲಿ ಕೂರಲು ಒಂದು ಸ್ಟೂಲಿತ್ತೋ ಅಲ್ಲೆಲ್ಲ ಕೂತು ಡಂಗುರ ಸಾರಿದಳು: “ನಮ್ಮ ಮನೆ ಸೊಸೆ ಸುಟ್ಟಿದ್ದು ಕೋಟಲ್ಲ ಕಣ್ರೀ, ನಮ್ಮ ಅನ್ನ!” ಅಮ್ಮ ತಲೆ ತಗ್ಗಿಸಿಕೊಂಡೇ ಬೀದಿಯಲ್ಲಿ ನಡೆಯಲು ಕಲಿತಳು. ಚೂಟಿ ಬಾಯಿ ಬಿಡಲಿಲ್ಲ. ಮೊದಲು ಹೆದರಿಕೆಯಿಂದ, ಆಮೇಲೆ, ಇಷ್ಟು ದಿನ ಆದಮೇಲೆ ಹೇಗೆ ಹೇಳುವುದು ಎಂಬ ನಾಚಿಕೆಯಿಂದ, ಆಮೇಲೆ ಆಮೇಲೆ... ನಿಜ ಹೇಳಬೇಕೆಂದರೆ, ರೂಢಿಯಾಗಿ ಹೋಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ದೊಡ್ಡ ನಗರದ ವಿಶ್ವವಿದ್ಯಾಲಯ ಪ್ರಬಂಧ ಕೇಳಿತ್ತು: ‘ನೀವು ಹತ್ತಿರದಿಂದ ಕಂಡ, ಸೋಲುತ್ತಿರುವ ಒಂದು ವ್ಯಾಪಾರದ ಬಗ್ಗೆ ಬರೆಯಿರಿ. ಯಾಕೆ ಸೋತಿತೆಂದು ವಿವರಿಸಿ.’ ಬೇಕರಿಯ ಬಗ್ಗೆ ಬರೆಯಲು ಕೂತಳು, ಸಾಲು ಮುಂದೆ ಹೋಗಲಿಲ್ಲ. ಲಾಂಡ್ರಿ ಎಂದು ಬರೆದ ಕೂಡಲೇ ಪೆನ್ನು ಓಡತೊಡಗಿತು. ತನ್ನ ಮನೆ ಎಂದು ಹೇಳಲು ಸಂಕೋಚವಾಗಿ ‘ನಮ್ಮ ಬೀದಿಯ ಒಂದು ಲಾಂಡ್ರಿ’ ಎಂದು ಬರೆದಳು. ಕೋಟು ಸುಟ್ಟವರು ಯಾರು ಎಂಬಲ್ಲಿಗೆ ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು... ಆಮೇಲೆ ಅದೂ ಓಡಿತು. ಯಾರು ಓದುತ್ತಾರೆ? ದೂರದ ಊರಿನ ಯಾವುದೋ ಮೇಜಿನ ಮೇಲೆ ಯಾರೋ ಓದಿ ಕಪಾಟಿಗೆ ಹಾಕುತ್ತಾರೆ ಎಂದುಕೊಂಡಿದ್ದಳು. ಕೊನೆಯಲ್ಲಿ ‘ಇದರಲ್ಲಿರುವುದೆಲ್ಲ ನಾನು ಕಂಡ ಸತ್ಯ’ ಎಂಬಲ್ಲಿ ಸಹಿಯನ್ನೂ ಹಾಕಿದಳು.

ಸೋಮವಾರ ಬಂದೇ ಬಂತು. ಗಾಜಿನ ಸಭಾಂಗಣ, ಮೆತ್ತನೆಯ ಕುರ್ಚಿಗಳು. ಅಪ್ಪ ತಾನೇ ಮೂರು ಸಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಡಿಕೆ ಮುರಿಯಬಾರದೆಂದು ಕುರ್ಚಿಗೆ ಒರಗದೆ ಕೂತಿದ್ದ. ಅಜ್ಜಿ ಪರದೆಗಳನ್ನು ನೋಡಿ, “ಇವನ್ನ ಒಗೆದು ಎರಡು ವರ್ಷ ಆಗಿದೆ,” ಎಂದು ಗೊಣಗಿದಳು. ಅಮ್ಮ ಬಿರಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು, ಸುತ್ತ ನೋಡುತ್ತಾ, “ಇಲ್ಲೇ ಓದ್ತೀಯೇನೇ? ಇಲ್ಲೇನಾ?” ಎಂದು ಪಿಸುಗುಟ್ಟಿದಳು. ಆ ಮುಖದ ಬೆಳಕನ್ನು ನೋಡಲಾರದೆ ಚೂಟಿ ಪಾದ ನೋಡಿಕೊಂಡಳು.

ವಿಭಾಗದ ಮುಖ್ಯಸ್ಥೆ ವೇದಿಕೆಗೆ ಬಂದು, ಚೂಟಿಯ ಹೆಸರು ಹೇಳಿ, ಈ ವರ್ಷ ನಮ್ಮೆಲ್ಲರನ್ನೂ ಬೆರಗುಗೊಳಿಸಿದ ಬರಹ ಇದು ಎಂದು ಓದತೊಡಗಿದರು.

“ನಮ್ಮ ಬೀದಿಯಲ್ಲಿ ಒಂದು ಲಾಂಡ್ರಿ ಇದೆ. ಮೂರು ವರ್ಷದ ಹಿಂದೆ ಊರಿನ ದೊಡ್ಡ ಹೋಟೆಲಿನ ಕೆಲಸವೆಲ್ಲ ಅಲ್ಲಿಗೇ ಬರುತ್ತಿತ್ತು. ಒಂದು ಮಧ್ಯಾಹ್ನದ ಅಜಾಗರೂಕತೆಯಲ್ಲಿ ಅದು ಕೈತಪ್ಪಿತು. ಮಾಲೀಕರ ಹೆಂಡತಿ ಹೆಚ್ಚು ಓದಿದವಳಲ್ಲ. ಕೆಲಸದ ಮೇಲೆ ಗಮನವಿಲ್ಲದ ಹೆಂಗಸು. ಉಣ್ಣೆಯ ಕೋಟಿನ ಮೇಲೆ ಕಾದ ಇಸ್ತ್ರಿಯನ್ನು ಬಿಟ್ಟು ಫೋನಿನಲ್ಲಿ ಹರಟುತ್ತಾ ನಿಂತಳು...”

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಚೂಟಿಗೆ. ಅಪ್ಪನ ತಲೆ ನಿಧಾನವಾಗಿ ಕೆಳಗಿಳಿಯಿತು. ಅಜ್ಜಿ ಮಾತ್ರ ಕತ್ತು ಚಾಚಿ, ಅರ್ಥವಾದ ಕೂಡಲೇ ಸೊಸೆಯ ಪಕ್ಕೆಗೆ ಮೊಣಕೈ ತಿವಿದಳು. “ನಮ್ಮದೇ ಕಣೇ! ನಮ್ಮ ಕೋಟು! ನೋಡು, ನಿನ್ನ ಘನಕಾರ್ಯ ಎಲ್ಲೀತನಕ ಬಂತು!”

ಮುಖ್ಯಸ್ಥೆ ಮುಂದೆ ಓದಿದರು. “ಹೊರಗಿನ ಕೆಲಸಗಾರ್ತಿಯಾಗಿದ್ದರೆ ಅಂದೇ ತೆಗೆದುಹಾಕಬಹುದಿತ್ತು. ಆದರೆ ಮನೆಯವರೇ ನಡೆಸುವ ವ್ಯಾಪಾರದ ಮೂಲ ತೊಂದರೆ ಇದೇ. ಹೆಂಡತಿಯನ್ನು ಕೆಲಸದಿಂದ ತೆಗೆಯುವುದು ಹೇಗೆ?”

ಸಭಾಂಗಣವೆಲ್ಲ ಗೊಳ್ಳೆಂದು ನಕ್ಕಿತು. ಆಮೇಲೆ ಚಪ್ಪಾಳೆ. ಚೂಟಿ ಹೇಗೋ ಕಣ್ಣೆತ್ತಿ ಪಕ್ಕಕ್ಕೆ ನೋಡಿದಳು. ಅಮ್ಮ ಸೆರಗಿನೊಳಗಿಂದ ಕೈ ತೆಗೆದು ಚಪ್ಪಾಳೆ ತಟ್ಟುತ್ತಿದ್ದಳು. ಎಲ್ಲರೂ ನಿಲ್ಲಿಸಿದ ಮೇಲೂ, ಯಾವಾಗ ನಿಲ್ಲಿಸಬೇಕೆಂದು ತಿಳಿಯದವಳ ಹಾಗೆ ಇನ್ನೆರಡು ಸಲ ತಟ್ಟಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಅಯ್ಯೋ, ಒಂದಿಷ್ಟು ಕೋಪವಾದರೂ ಇರಬಾರದಿತ್ತೇ!

ಚಹಾದ ಹೊತ್ತಿಗೆ ಮುಖ್ಯಸ್ಥೆ ಇವರಿದ್ದಲ್ಲಿಗೇ ಬಂದು ಚೂಟಿಯ ಬೆನ್ನು ತಟ್ಟಿದರು. “ಇಷ್ಟು ಹತ್ತಿರದಿಂದ ಹೇಗೆ ನೋಡಿದೆಯಮ್ಮ? ಆ ಲಾಂಡ್ರಿಯವರು ಪರಿಚಯವಾ?” ಎಂದು ಕೇಳಿದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಚೂಟಿ ನಿಂತಳು, ನುಂಗಲಾರಳು, ಉಗುಳಲಾರಳು. ಅಜ್ಜಿ ಹೆಮ್ಮೆಯಿಂದ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮುಂದೆ ಬಂದಳು.

“ಗೊತ್ತು ಮೇಡಂ, ನಮ್ಮ ಬೀದಿಯವರೇ,” ಎಂದಳು. ಸ್ವಲ್ಪ ತಡೆದು, “ಆ ಹೆಂಗಸು... ಅಷ್ಟೇನು ಕೆಟ್ಟವಳಲ್ಲ,” ಎಂದಳು. “ಬನ್ನಿ ಅತ್ತೆ, ನಿಮ್ಮ ಮಾತ್ರೆಗೆ ಹೊತ್ತಾಯ್ತು,” ಎಂದು ಅಜ್ಜಿಯ ತೋಳು ಹಿಡಿದು ಎಳೆದುಕೊಂಡೇ ಹೋದಳು.

ರೈಲಿನಲ್ಲಿ ಅಜ್ಜಿಯೊಬ್ಬಳದೇ ಮಾತು. ಮಾಲೀಕರು ಎಂದರೆ ನನ್ನ ಮಗನೇ, ಎಷ್ಟು ಮರ್ಯಾದೆಯಿಂದ ಬರೆದಿದ್ದಾಳೆ, ಎಂದು ಎದುರು ಕೂತ ಅಪರಿಚಿತರಿಗೂ ಹೇಳಿದಳು. ಅಪ್ಪ ಕಿಟಕಿಯ ಹೊರಗೆ ನೋಡುತ್ತಾ ಒಂದೇ ಒಂದು ಸಲ, “ಸರಿಯಾಗೇ ಬರೆದಿದೀಯಮ್ಮ. ನನಗೆ ವ್ಯಾಪಾರ ಬರಲ್ಲ,” ಎಂದ. ಅಮ್ಮ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿರಲಿಲ್ಲವೆಂದು ರೆಪ್ಪೆಗಳೇ ಹೇಳುತ್ತಿದ್ದವು.

ಮರುದಿನ ಬೆಳಿಗ್ಗೆ ಚೂಟಿ ಹಿಂದಿನ ಕೋಣೆಗೆ ಹೋದಳು. ಅಮ್ಮ ಕಲ್ಲಿನ ತೊಟ್ಟಿಯ ಮುಂದೆ ಬಾಗಿ ಯಾರದೋ ಕಾಲರು ಉಜ್ಜುತ್ತಿದ್ದಳು.

“ಒಪ್ಪಿಗೆ ಬರೆದೆಯಾ?” ತಲೆ ಎತ್ತದೆಯೇ ಕೇಳಿದಳು. “ಕೊನೇ ದಿನದ ತನಕ ಕಾಯಬೇಡ. ಆ ಗಾಜಿನ ಕಾಲೇಜಿಗೇ ಬರೆದುಬಿಡು.”

“ಅಮ್ಮ...”

“ಹಾಸ್ಟೆಲಿಗೆ ಒಂದು ಕಂಬಳಿ ಬೇಕಾಗುತ್ತೆ. ಗಿರಾಕಿಗಳು ಬಿಟ್ಟು ಹೋದದ್ದಲ್ಲ, ಹೊಸದೇ ತರೋಣ.”

“ಅಮ್ಮ, ಬೈಯಮ್ಮ! ಹೊಡಿಯಮ್ಮ! ಯಾಕೆ ಹೀಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ... ನಾನು ಮಾಡಿದ್ದನ್ನ ನಿನ್ನ ತಲೆಗೆ ಕಟ್ಟಿದೆ. ಅವತ್ತು ಕಟ್ಟಿದ್ದು ಸಾಲದು ಅಂತ ಬರೆದೂ ಕಟ್ಟಿದೆ. ಊರಿಗೆಲ್ಲ ಓದಿಸಿದೆ...” ಚೂಟಿ ತೊಟ್ಟಿಯ ಅಂಚಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

ಅಮ್ಮ ಕಾಲರನ್ನು ಹಿಂಡಿ ಪಕ್ಕಕ್ಕಿಟ್ಟಳು.

“ತಪ್ಪು ಹೊರಿಸಿದ್ದಕ್ಕೆ ನನಗೇನೂ ಬೇಸರ ಇಲ್ಲ ಮಗಳೇ. ಅದನ್ನ ನಾನೇ ಕೈಯಾರೆ ತಗೊಂಡಿದ್ದು. ತಗೊಂಡ ಮೇಲೆ ಭಾರ ಅನ್ನೋಕಾಗುತ್ತಾ?” ಅವಳ ದನಿ ಅಲ್ಲಿಯವರೆಗೂ ಗಟ್ಟಿಯಾಗಿಯೇ ಇತ್ತು. “ಅವರು ಓದ್ತಿದ್ರಲ್ಲ, ನಾನು ಕಾಯ್ತಾ ಇದ್ದೆ. ಈಗ ಬರುತ್ತೆ, ಈಗ ಬರುತ್ತೆ ಅಂತ. ಅಷ್ಟುದ್ದ ಬರೆದಿದ್ದೆ ನೀನು... ಮಾಲೀಕರ ಹೆಂಡತಿ, ಮಾಲೀಕರ ಹೆಂಡತಿ. ಒಂದು ಕಡೆಯಾದ್ರೂ ‘ನಮ್ಮಮ್ಮ’ ಅಂತ ಇರಲಿಲ್ಲ ನೋಡು.”

ಬೇರೆ ಏನು ಹೇಳಿದ್ದರೂ ಚೂಟಿ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ, ಪೆಟ್ಟಿಗೆ, ಶಾಪಕ್ಕೆ ಕೂಡ ಸಿದ್ಧಳಾಗಿ ಬಂದವಳು ಅವಳು. ಇದಕ್ಕೆ ಸಿದ್ಧಳಾಗಿರಲಿಲ್ಲ. ಎದ್ದು, ಕಣ್ಣೂ ಒರೆಸಿಕೊಳ್ಳದೆ, ನೆಟ್ಟಗೆ ಅಂಗಡಿಯ ಮುಂಭಾಗಕ್ಕೆ ನಡೆದಳು. “ಏಯ್, ಎಲ್ಲಿಗೇ? ನಿಲ್ಲು!” ಎಂದು ಅಮ್ಮ ಹಿಂದೆಯೇ ಓಡಿ ಬಂದಳು.

ಕೌಂಟರಿನಲ್ಲಿ ಅಜ್ಜಿ ಅಂಗಿಗಳ ಕಾಲರಿಗೆ ನಂಬರಿನ ಚೀಟಿ ಹೊಲಿಯುತ್ತಿದ್ದಳು. ಎದುರಿಗೆ ದರ್ಜಿ ನಿಂತಿದ್ದ. ಅಪ್ಪ ಯಂತ್ರದ ಹತ್ತಿರ.

“ಅಜ್ಜಿ, ಕೋಟು ಸುಟ್ಟಿದ್ದು ನಾನು.”

“ಯಾವ ಕೋಟು?”

“ಹೋಟೆಲಿನ ಕೋಟು. ಅಮ್ಮ ಹಿತ್ತಲಲ್ಲಿದ್ಲು. ನಾನು ಇಸ್ತ್ರಿ ಬಿಟ್ಟು ಫೋನಲ್ಲಿ ಮಾತಾಡ್ತಾ ನಿಂತಿದ್ದೆ. ಅಮ್ಮ ಬಂದು ನನ್ನ ಕೈಯಿಂದ ಕಿತ್ಕೊಂಡ್ಲು. ಆ ಪ್ರಬಂಧದಲ್ಲಿ ಬರೆದದ್ದೂ ಸುಳ್ಳು.”

ಯಂತ್ರದಿಂದ ಉಗಿ ಬುಸ್ಸೆಂದು ಹೊರಟಿತು. ಅಪ್ಪನ ಕಾಲು ಪೆಡಲಿನ ಮೇಲೆ ಹಾಗೆಯೇ ನಿಂತುಬಿಟ್ಟಿತ್ತು. ಅಜ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಏನಂದೆ? ಇನ್ನೊಂದ್ಸಲ ಹೇಳು.”

ಚೂಟಿ ಇನ್ನೊಂದು ಸಲ ಹೇಳಿದಳು. ದರ್ಜಿ ನೆಲ ನೋಡಿದ. ಅಜ್ಜಿ ಮೊಮ್ಮಗಳನ್ನು ಬಿಟ್ಟು ಸೊಸೆಯ ಕಡೆ ತಿರುಗಿ ಸಿಡಿದಳು. “ನೀನ್ಯಾಕೆ ಸುಳ್ಳು ಹೇಳಿದೆ? ಮೂರು ವರ್ಷ! ಮೂರು ವರ್ಷ ನನ್ನ ಕೈಲಿ ಆಡಬಾರದ್ದು ಆಡಿಸಿದೆಯಲ್ಲೇ! ಬಾಯಿ ಇರಲಿಲ್ವಾ ನಿನಗೆ?”

“ಹದಿನೈದರ ಮಗು ಅತ್ತೆ,” ಎಂದಳು ಅಮ್ಮ. “ನೀವು ಬೀದಿಯವರಿಗೆಲ್ಲ ಹೇಳ್ತಿದ್ರಿ. ಶಾಲೆಗೆ ಹೋಗೋ ಹುಡುಗಿ ಹೇಗೆ ತಲೆ ಎತ್ಕೊಂಡು ಹೋಗ್ಬೇಕು? ನನಗೇನು, ನಾನೆಲ್ಲಿಗೆ ಹೋಗ್ಬೇಕಿತ್ತು!”

ಅಜ್ಜಿಯ ಬಾಯಿ ಕಟ್ಟಿಹೋದದ್ದನ್ನು ಆ ಬೀದಿ ಅಂದೇ ಮೊದಲ ಸಲ ಕಂಡಿದ್ದು. ಎದ್ದು ಮೆಟ್ಟಿಲು ಹತ್ತಿ ಹೋದಳು. ಮಧ್ಯಾಹ್ನ ಊಟಕ್ಕೆ ಇಳಿಯಲಿಲ್ಲ. ಅಪ್ಪ ಯಂತ್ರ ಆರಿಸಿ ಹೆಂಡತಿಯ ಎದುರು ಬಂದು ನಿಂತ. ಅವಳ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿದ. ದಿನಾ ಅದೇ ಮನೆಯಲ್ಲಿದ್ದೂ ಮೊದಲ ಸಲ ನೋಡಿದವನ ಹಾಗೆ ನೋಡಿದ. ಅಮ್ಮ ಗಂಡನನ್ನು ಬಿಟ್ಟು ಮಗಳಿಗೆ, “ಏನು ಸಾಧಿಸಿದೆ ಈಗ? ಮುಗಿದ ಕಥೆ ಆಗಿತ್ತು,” ಎಂದು ರೇಗಿ ಒಳಗೆ ಹೋದಳು.

ಚೂಟಿ ಅದೇ ದಿನ ದೊಡ್ಡ ನಗರಕ್ಕೂ ಪತ್ರ ಬರೆದಳು. ಇದ್ದದ್ದು ಇದ್ದ ಹಾಗೆ. ಸುಟ್ಟವಳು ತಾನು, ಸುಳ್ಳಿಗೆ ಸಹಿ ಹಾಕಿದವಳೂ ತಾನೇ. ಗುರುವಾರ ಮುಖ್ಯಸ್ಥೆಯೇ ಫೋನು ಮಾಡಿದರು. ಸೀಟನ್ನೂ ವಿದ್ಯಾರ್ಥಿವೇತನವನ್ನೂ ಹಿಂದಕ್ಕೆ ಪಡೆಯದೆ ನಮಗೆ ಬೇರೆ ದಾರಿಯಿಲ್ಲ ಎಂದರು. ಕೊನೆಗೆ, “ಚಹಾದ ಹೊತ್ತಿನಲ್ಲಿ ಮಾತಾಡಿದರಲ್ಲ... ಅವರು ನಿಮ್ಮ ತಾಯಿಯಾ?” ಎಂದು ಕೇಳಿದರು. “ಹೌದು ಮೇಡಂ,” ಎಂದಳು ಚೂಟಿ. ಮುಖ್ಯಸ್ಥೆ ಫೋನು ಇಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನೀವು ಮರುಗಬಹುದು. ಅದು ಅವಳ ತುತ್ತೇ ಆಗಿರಲಿಲ್ಲ, ಇನ್ನೊಬ್ಬರ ತಟ್ಟೆಯಿಂದ ಎತ್ತಿದ್ದು.

ಉಳಿದದ್ದು ಎರಡು. ಅಪ್ಪ ಕೂತು ಸಮಾಧಾನವಾಗಿ ಹೇಳಿದ: “ಬಂದರು ಪಟ್ಟಣಕ್ಕೆ ಬರೆದುಬಿಡು. ಉಗಿ ಯಂತ್ರ ಮಾರ್ತೀನಿ, ಕೈ ಇಸ್ತ್ರಿಯಲ್ಲೇ ನಡೆಯುತ್ತೆ. ಇಲ್ಲಿದ್ರೆ ದರ್ಜಿ ಬಾಯಿಂದ ಇಡೀ ಬೀದಿಗೆ ಹರಡುತ್ತೆ. ಅಲ್ಲಿ ನಿನ್ನನ್ನ ಯಾರೂ ಬಲ್ಲವರಿಲ್ಲ.” ಅಮ್ಮನೂ ಅದನ್ನೇ ಹೇಳಿದಳು. ಬಲ್ಲವರಿಲ್ಲದ ಊರು! ಆ ಮಾತು ಚೂಟಿಗೆ ಎಷ್ಟು ಹಿತವಾಗಿ ಕೇಳಿಸಿತು ಅಂದರೆ, ಹಿತವಾದದ್ದಕ್ಕೇ ಅವಳಿಗೆ ಮತ್ತೆ ನಾಚಿಕೆಯಾಯಿತು. ಒಪ್ಪಿಗೆಯ ಎರಡೂ ಹಾಳೆಗಳು ಖಾಲಿಯಾಗಿಯೇ ಮೇಜಿನ ಮೇಲಿದ್ದವು.

ಶುಕ್ರವಾರ ಬೆಳಿಗ್ಗೆ ಅಜ್ಜಿ ಮಹಡಿಯಿಂದ ಇಳಿದಳು. ಹೊರಗೆ ಹೋಗುವ ಚಪ್ಪಲಿ ಮೆಟ್ಟಿದ್ದಳು, ಕೈಯಲ್ಲಿ ಊರುಗೋಲು. “ನಡಿಯೇ,” ಎಂದಳು ಮೊಮ್ಮಗಳಿಗೆ.

“ಎಲ್ಲಿಗಜ್ಜಿ?”

“ಎಲ್ಲೆಲ್ಲಿ ಹೇಳಿದ್ದೆನೋ ಅಲ್ಲಿಗೆಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಹೋದದ್ದು ಎಲ್ಲಿ ಹೋಯ್ತು ಅಂತ ನನಗೆ ಚೆನ್ನಾಗಿ ಗೊತ್ತು. ನಾನೇ ಹೋಗಿ ವಾಪಸು ತರ್ತೀನಿ. ನೀನೂ ಬಾ. ನನ್ನ ನಾಲಿಗೆಯದು ಅರ್ಧ ತಪ್ಪಾದ್ರೆ ನಿನ್ನ ನಾಲಿಗೆಯದು ಅರ್ಧ.”

ಹಾಗೆ ಆ ಮೆರವಣಿಗೆ ಹೊರಟಿತು. ಮೊದಲು ಕ್ಷೌರದಂಗಡಿ. ಮುಖಕ್ಕೆ ನೊರೆ ಹಚ್ಚಿಸಿಕೊಂಡು ಇಬ್ಬರು ಕೂತಿದ್ದರು. ಅಜ್ಜಿ ಬಾಗಿಲಲ್ಲಿ ನಿಂತು, “ಕತ್ತಿ ನಿಲ್ಸಪ್ಪ. ಕೋಟು ಸುಟ್ಟಿದ್ದು ನನ್ನ ಸೊಸೆ ಅಂತ ಹೇಳಿದ್ನಲ್ಲ, ಅದು ಸುಳ್ಳು. ಸುಟ್ಟಿದ್ದು ಇವಳು, ನನ್ನ ಮೊಮ್ಮಗಳು. ಸೊಸೆ ಹೆಸರು ಕೆಡಿಸಿದ್ದು ನಾನು,” ಎಂದಳು. ಕ್ಷೌರದವನು ಕಕ್ಕಾಬಿಕ್ಕಿಯಾಗಿ, “ಅಯ್ಯೋ ಬಿಡಿಯಜ್ಜಿ, ಹಳೇ ಮಾತು,” ಎಂದ. “ಹಳೇದಾದ್ರೇನು? ಹಳೇ ಕಲೆಯೇ ಹೋಗೋದು ಕಷ್ಟ,” ಎಂದು ಅಜ್ಜಿ ಮುಂದೆ ನಡೆದಳು. ನೊರೆ ಮುಖದವರಿಬ್ಬರೂ ಕನ್ನಡಿಯಲ್ಲಿ ಚೂಟಿಯನ್ನು ನೋಡಿದರು. ಅವಳ ಕಿವಿ ಸುಡುತ್ತಿತ್ತು.

ದರ್ಜಿಗೆ ಮೊದಲೇ ಗೊತ್ತಿದ್ದರೂ ಅಲ್ಲೂ ಹೇಳಿಸಿಯೇ ಬಿಟ್ಟಳು. ಬೇಕರಿಯ ಹೆಂಗಸು ಬಿಸಿ ತಟ್ಟೆ ಹಿಡಿದುಕೊಂಡೇ ಕೇಳಿ, ಚೂಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇಷ್ಟು ದಿನ ನಿಮ್ಮಮ್ಮ ನನ್ನ ಅಂಗಡಿಗೆ ಬಂದು ತಲೆ ತಗ್ಗಿಸಿ ಬ್ರೆಡ್ ತಗೊಂಡು ಹೋಗ್ತಿದ್ಲು. ನೀನು ಪಕ್ಕದಲ್ಲೇ ನಿಂತಿರ್ತಿದ್ದೆ ಅಲ್ವೇನೇ?” ಎಂದಳು. ಹೌದು, ನಿಂತಿರುತ್ತಿದ್ದಳು. “ಹೌದು ಆಂಟಿ,” ಎಂದಳು. ಬೀದಿಯ ಆ ಬದಿಯಿಂದ ಈ ಬದಿಗೆ ದಾಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಓಡತೊಡಗಿತ್ತು. ಅಂಗಡಿಗಳ ಬಾಗಿಲಲ್ಲಿ ಜನ ನಿಂತಿದ್ದರು. ಅಜ್ಜಿ ನೋಯುವ ಮಂಡಿಯನ್ನು ಎಳೆದುಕೊಂಡು ನಡೆಯುತ್ತಿದ್ದಳು. ಚೂಟಿ ಅವಳ ತೋಳು ಹಿಡಿದುಕೊಂಡಳು. ಯಾರು ಯಾರಿಗೆ ಆಸರೆಯೋ ಹೇಳುವುದು ಕಷ್ಟವಾಗಿತ್ತು.

ಅಷ್ಟರಲ್ಲಿ ಹಿಂದಿನಿಂದ ಓಡಿ ಬರುವ ಸದ್ದು. 

“ಅತ್ತೆ! ಸಾಕು ಅತ್ತೆ!” ಅಮ್ಮ. ಬರಿಗಾಲು, ಮೊಣಕೈ ತನಕ ಸೋಪಿನ ನೊರೆ. ಯಾರೋ ಹೋಗಿ ಹೇಳಿರಬೇಕು, ತೊಟ್ಟಿಯ ಮುಂದಿನಿಂದ ಎದ್ದವಳು ಹಾಗೆಯೇ ಬಂದಿದ್ದಳು. “ನಿಮ್ಮ ಕಾಲಿಗೆ ಬೀಳ್ತೀನಿ. ಮಗು ತಲೆ ಎತ್ಕೊಂಡು ಓಡಾಡ್ಬೇಕು. ಮನೆಗೆ ಬನ್ನಿ.”

“ನೀನು ಮೂರು ವರ್ಷ ತಲೆ ತಗ್ಗಿಸಿ ಓಡಾಡಿದೆಯಲ್ಲೇ!” ಅಜ್ಜಿಯ ದನಿ ಒಡೆಯಿತು. “ನಾನು ಓಡಾಡಿಸಿದೆನಲ್ಲೇ...”

“ಆಯ್ತಲ್ಲ, ಮುಗೀತಲ್ಲ! ನೀನು ನಡಿ ಮಗಳೇ. ಮಧ್ಯಾಹ್ನದ ಬಸ್ಸಿಗೇ ಬಂದರು ಪಟ್ಟಣಕ್ಕೆ ಹೋಗಿ ಕೈಯಾರೆ ಕಾಗದ ಕೊಟ್ಟು ಬಾ. ಇಲ್ಲಿ ನಿಲ್ಲಬೇಡ, ಎಲ್ಲ ನೋಡ್ತಿದ್ದಾರೆ...” ಎನ್ನುತ್ತಾ ಅಮ್ಮ ತನ್ನ ಮೈಯಿಂದ ಮಗಳನ್ನು ಮರೆ ಮಾಡಿ ನಿಂತಳು. ನೋಡುವವರ ಕಣ್ಣುಗಳೆಲ್ಲ ತನ್ನ ಬೆನ್ನಿಗೇ ಬೀಳಲಿ ಎಂಬಂತೆ.

ಚೂಟಿ ಆ ಬೆನ್ನನ್ನು ನೋಡಿದಳು. ಮತ್ತೆ ಅದೇ! ಇಸ್ತ್ರಿಯನ್ನು ಕಿತ್ತುಕೊಂಡ ದಿನ ಹೇಗೆ ನಡುವೆ ಬಂದಿದ್ದಳೋ ಹಾಗೆಯೇ ಇವತ್ತೂ ಬಂದಿದ್ದಾಳೆ. ತಾನು ಒಂದು ಹೆಜ್ಜೆ ಹಿಂದೆ ಸರಿದರೆ ಸಾಕು, ಇವಳು ಮತ್ತೆ ಮೂರು ವರ್ಷ ಹೊರುತ್ತಾಳೆ, ಮೂವತ್ತು ವರ್ಷ ಬೇಕಾದರೂ ಹೊರುತ್ತಾಳೆ... ಚೂಟಿ ಅಮ್ಮನ ಒದ್ದೆ ಭುಜ ಹಿಡಿದು, ಮೆಲ್ಲಗೆ, ಪಕ್ಕಕ್ಕೆ ಸರಿಸಿದಳು.

“ಬಂದರು ಪಟ್ಟಣ ಬೇಡಮ್ಮ. ಬಸ್ ನಿಲ್ದಾಣದ ಹಿಂದಿನ ಕಾಲೇಜಿಗೆ ಬರೀತೀನಿ. ಸಂಜೆ ಓದು, ಹಗಲು ಒಗೆಯೋ ಕೋಣೆ. ಸುಟ್ಟ ಕೈ ನನ್ನದಲ್ವಾ?”

“ಹುಚ್ಚಿ! ಇದೇ ಬೀದೀಲಿ ದಿನಾ ಹೋಗ್ಬೇಕು, ದಿನಾ ಬರ್ಬೇಕು. ಎಲ್ಲರಿಗೂ ಗೊತ್ತಾಗಿಹೋಯ್ತಲ್ಲೇ!”

“ಎಲ್ಲರಿಗೂ ಎಲ್ಲಿ ಗೊತ್ತಾಯ್ತಮ್ಮ,” ಎಂದಳು ಚೂಟಿ. “ಔಷಧಿ ಅಂಗಡಿ, ಚಪ್ಪಲಿ ಅಂಗಡಿ... ಇನ್ನೂ ಎರಡು ಉಳಿದಿವೆ. ನಡಿ ಅಜ್ಜಿ.”

ಅಮ್ಮ ನಡುರಸ್ತೆಯಲ್ಲಿ ನಿಂತು, ನೊರೆಯ ಕೈಗಳಲ್ಲೇ ಮುಖ ಮುಚ್ಚಿಕೊಂಡು, ಗಟ್ಟಿಯಾಗಿ ಅತ್ತುಬಿಟ್ಟಳು. ಮೂರು ವರ್ಷದಲ್ಲಿ ಮೊದಲ ಸಲ. ಬೇಕರಿಯ ಹೆಂಗಸು ಓಡಿ ಬಂದು ಅವಳನ್ನು ಹಿಡಿದುಕೊಂಡಳು. ಬೀದಿಯವರೆಲ್ಲ ನೋಡುತ್ತಲೇ ಇದ್ದರು. ಚೂಟಿಗೆ ನಾಚಿಕೆ ಹೋಗಿರಲಿಲ್ಲ, ಒಂದು ಚೂರೂ ಹೋಗಿರಲಿಲ್ಲ. ಅದನ್ನು ಹೊತ್ತುಕೊಂಡೇ ಅಜ್ಜಿಯ ತೋಳು ಹಿಡಿದು ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದಳು.